ಕರ್ವೆ ನಗರದ ಹೆಣ್ಣುಮಕ್ಕಳ ಪಿಜಿ: ಫಲಕದ ದರವೂ ವರ್ಷದ ಖರ್ಚೂ

ಪುಣೆಯ ಕರ್ವೆ ನಗರದಲ್ಲಿ, ಹಿಂಗಣೆ ಹೋಮ್ ಕಾಲನಿಯ ಒಳರಸ್ತೆಯೊಂದರಲ್ಲಿರುವ ನಾಲ್ಕು ಅಂತಸ್ತಿನ ಹೆಣ್ಣುಮಕ್ಕಳ ಪಿಜಿಯೊಂದರ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಕ್ಕನ ಮಗಳು ಅಲ್ಲಿದ್ದುಕೊಂಡೇ ಎಂಜಿನಿಯರಿಂಗ್‌ನ ಮೊದಲ ವರ್ಷ ಮುಗಿಸಿ, ಎರಡನೆಯ ವರ್ಷಕ್ಕೂ ಅಲ್ಲೇ ಮುಂದುವರಿದಿದ್ದಾಳೆ. ಹಣ ಕಟ್ಟುವುದು, ಕರಾರು ಓದುವುದು, ಮಾಲೀಕರೊಂದಿಗೆ ಮಾತನಾಡುವುದು ಇವೆಲ್ಲ ಅಥಣಿಯಲ್ಲಿರುವ ಭಾವನ ಪರವಾಗಿ ನನ್ನ ಪಾಲಿಗೆ ಬಂದಿವೆ. ಕೆಲವು ದೂರುಗಳೂ ಇರುವುದರಿಂದ ಪಿಜಿಯ ಹೆಸರು ಹಾಕಿಲ್ಲ. ಆ ಭಾಗದಲ್ಲಿ ನಾವು ವಿಚಾರಿಸಿದ ಉಳಿದ ಪಿಜಿಗಳ ವ್ಯವಹಾರವೂ ಹೆಚ್ಚುಕಡಿಮೆ ಹೀಗೆಯೇ ಇದ್ದುದರಿಂದ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಮಕ್ಕಳನ್ನು ಇಲ್ಲಿಗೆ ಕಳಿಸುವವರಿಗೆ ಹೆಸರಿಗಿಂತ ಲೆಕ್ಕವೇ ಹೆಚ್ಚು ಉಪಯೋಗಕ್ಕೆ ಬಂದೀತು. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಜಾಗ ಒಳ್ಳೆಯದು, ಊಟ ಸಾಧಾರಣಕ್ಕಿಂತ ಮೇಲು, ಕಾಗದಪತ್ರ ಅಚ್ಚುಕಟ್ಟು. ಬಾಡಿಗೆ ಮಾತ್ರ ಫಲಕದಲ್ಲಿ ಬರೆದಿರುವುದಕ್ಕಿಂತ ತಿಂಗಳಿಗೆ ಮೂರು ಸಾವಿರ ರೂಪಾಯಿ ಹೆಚ್ಚು ಬೀಳುತ್ತದೆ.

ಕರ್ವೆ ನಗರದಲ್ಲಿ ಹುಡುಗಿಯರ ವಸತಿ ಹೊಸ ವ್ಯಾಪಾರವೇನಲ್ಲ. ಧೋಂಡೋ ಕೇಶವ ಕರ್ವೆಯವರು 1896ರಲ್ಲಿ ವಿಧವೆಯರಿಗಾಗಿ ಆರಂಭಿಸಿದ ಆಶ್ರಮವು ಮುಂದೆ ಇದೇ ಭಾಗದ ಹಿಂಗಣೆಗೆ ಬಂದು, ಇಂದು ಶಾಲೆ, ಕಾಲೇಜು, ವಸತಿಗೃಹಗಳೆಲ್ಲ ಸೇರಿದ ದೊಡ್ಡ ಸಂಸ್ಥೆಯಾಗಿದೆ. ಮಹಿಳೆಯರದೇ ಆದ ಎಂಜಿನಿಯರಿಂಗ್ ಕಾಲೇಜೂ ಅದೇ ಆವರಣದಲ್ಲಿದೆ. ಪಕ್ಕದ ಕೋಥರೂಡಿನ ಕಾಲೇಜುಗಳನ್ನೂ ಸೇರಿಸಿಕೊಂಡರೆ, ಕಾಲೇಜುಗಳ ವಸತಿಗೃಹಗಳಲ್ಲಿ ಜಾಗ ಸಿಗದ ಹುಡುಗಿಯರು ಮೊದಲು ಹುಡುಕುವುದು ಇದೇ ಓಣಿಗಳನ್ನು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2024-25ರಿಂದ ಉತ್ತಮ ಸಾಧನೆಯ ಕಾಲೇಜುಗಳಿಗೆ ಒಂದೊಂದು ವಿಭಾಗದ ಸೀಟುಗಳ ಮೇಲಿದ್ದ ಮಿತಿಯನ್ನು ತೆಗೆದುಹಾಕಿತು. ಕಂಪ್ಯೂಟರ್ ವಿಭಾಗಕ್ಕೆ ಹೊಸ ತರಗತಿಗಳನ್ನು ಸೇರಿಸಲು ಕಾಲೇಜಿಗೆ ಒಂದು ವರ್ಷ ಸಾಕು, ಆದರೆ ವಸತಿಗೃಹಕ್ಕೆ ಹೊಸ ಅಂತಸ್ತು ಅಷ್ಟು ಬೇಗ ಏಳುವುದಿಲ್ಲ. ಹೆಚ್ಚಾದ ಮಕ್ಕಳು ಪಿಜಿಗಳ ಬಾಗಿಲಿಗೇ ಬರಬೇಕಾಗುತ್ತದೆ, ಇದು ಮಾಲೀಕರಿಗೂ ಚೆನ್ನಾಗಿ ಗೊತ್ತಿದೆ.

ನಾವು ತೆಗೆದುಕೊಂಡಿದ್ದು ಮೂವರು ಇರುವ ಕೋಣೆ. ಪುಣೆಯವರು ಇದನ್ನು ಕಾಟ್ ಬೇಸಿಸ್ ಎನ್ನುತ್ತಾರೆ; ಬಾಡಿಗೆ ಕೋಣೆಗಲ್ಲ, ಮಂಚಕ್ಕೆ. ಒಬ್ಬೊಬ್ಬರಿಗೆ ಒಂದು ಕಬ್ಬಿಣದ ಮಂಚ, ಗಾದಿ, ಬೀಗ ಹಾಕುವ ಕಪಾಟು ಇವೆ. ಓದುವ ಮೇಜು ಮಾತ್ರ ಮೂವರಿಗೆ ಎರಡೇ. ಪರೀಕ್ಷೆಯ ದಿನಗಳಲ್ಲಿ ಒಬ್ಬಳು ಮಂಚದ ಮೇಲೆ ಕುಳಿತೇ ಓದಬೇಕು. ಬಚ್ಚಲು ಕೋಣೆಗೆ ಸೇರಿಕೊಂಡೇ ಇದೆ. ಬಿಸಿನೀರು ಸೋಲಾರ್‌ನದು, ಬೆಳಗ್ಗೆ ಏಳೂವರೆಯ ಮೇಲೆ ಎದ್ದವರಿಗೆ ತಣ್ಣೀರೇ ಗತಿ. ನಗರಪಾಲಿಕೆಯ ನೀರು ದಿನಕ್ಕೊಮ್ಮೆ ಬಂದು ಟಾಕಿಗೆ ಏರುತ್ತದೆ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರು, ಅದಕ್ಕೆ ಪ್ರತ್ಯೇಕ ಹಣ ಕೇಳಲಿಲ್ಲ. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಮೆಟ್ಟಿಲ ಸಂದು ಬಿಟ್ಟರೆ ಬೇರೆ ಜಾಗವಿಲ್ಲ. ಗೇಟು ರಾತ್ರಿ ಒಂಬತ್ತೂವರೆಗೆ ಮುಚ್ಚುತ್ತದೆಯಾದರೂ, ಗ್ರಂಥಾಲಯದಲ್ಲಿ ತಡವಾಗುವುದಾದರೆ ಮೊದಲೇ ಹೇಳಿದವರಿಗೆ ಬಾಗಿಲು ತೆಗೆಯುವ ವಿವೇಕ ಅಲ್ಲಿನ ಮೇಲ್ವಿಚಾರಕಿಗಿದೆ. ಎಲ್ಲರೂ ಮಾವಶಿ ಎಂದು ಕರೆಯುವ ಈ ಸಾತಾರಾ ಕಡೆಯ ಹೆಂಗಸು ಜ್ವರ ಬಂದವರಿಗೆ ಕೋಣೆಗೇ ಗಂಜಿ ಕಳಿಸುತ್ತಾರೆ. ಈ ಪಿಜಿಯ ಬಗ್ಗೆ ನಮ್ಮ ಹುಡುಗಿಯ ಮನೆಯವರಿಗೆ ಇರುವ ನೆಮ್ಮದಿಯಲ್ಲಿ ಅರ್ಧ ಪಾಲು ಅವರದೇ.

ಊಟ ಮರಾಠಿ ಮನೆಯ ಊಟ. ಬೆಳಗ್ಗೆ ಪೋಹೆ ಅಥವಾ ಉಪ್ಪಿಟ್ಟು, ಮಧ್ಯಾಹ್ನದ ಡಬ್ಬಿಗೆ ಚಪಾತಿ ಮತ್ತು ಪಲ್ಯ, ರಾತ್ರಿ ಚಪಾತಿ, ಉಸಳ (ಮೊಳಕೆಕಾಳಿನ ಪಲ್ಯ), ವರಣ (ತೊವ್ವೆ), ಅನ್ನ. ವಾರದಲ್ಲೊಂದು ದಿನ ಜೋಳದ ಭಾಕರಿ ಮಾಡುತ್ತಾರೆ; ಅಥಣಿಯ ರೊಟ್ಟಿ ಉಂಡು ಬೆಳೆದವರಿಗೆ ಅದು ತುಸು ದಪ್ಪವೆನಿಸಿದರೂ ಆ ದಿನ ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲವಂತೆ. ಪಲ್ಯಕ್ಕೆ ಹಾಕುವ ಸಕ್ಕರೆಯ ವಿಷಯದಲ್ಲಿ ನಾವು ಸಂಧಾನ ಮಾಡಿಕೊಂಡಿದ್ದೇವೆ. ಹೊರಗಿನವರಿಗೆ ತಿಳಿಯದ ಸಂಗತಿಯೊಂದಿದೆ: ಪುಣೆಯ ಬಹುತೇಕ ಮೆಸ್ಸುಗಳಂತೆ ಇಲ್ಲಿಯೂ ಭಾನುವಾರ ಮಧ್ಯಾಹ್ನ ಸಿಹಿಯೂಟ ಹಾಕಿ ಸಂಜೆ ಅಡುಗೆಮನೆಗೆ ರಜೆ ಕೊಡುತ್ತಾರೆ. ಆ ರಾತ್ರಿಯ ಊಟಕ್ಕೆ ನೂರು, ನೂರಿಪ್ಪತ್ತು ರೂಪಾಯಿ ಕೈಯಿಂದ ಹೋಗುತ್ತದೆ. ಇದನ್ನು ಮೆಸ್ಸಿನ ದರದಲ್ಲಿ ಯಾರೂ ಹೇಳುವುದಿಲ್ಲ, ಹಾಗಾಗಿ ನಾನೂ ಮುಂದಿನ ಲೆಕ್ಕದಲ್ಲಿ ಹಿಡಿದಿಲ್ಲ.

ಇನ್ನು ಹಣದ ಮಾತು. ಮೊದಲ ವರ್ಷ ಗೇಟಿನ ಫಲಕದಲ್ಲಿದ್ದ ದರ ಊಟ ಸಹಿತ ತಿಂಗಳಿಗೆ 9,800 ರೂಪಾಯಿ. ಈ ಸಂಖ್ಯೆಯನ್ನು ನೋಡಿಯೇ ಪಾಲಕರು ಒಳಗೆ ಬರುತ್ತಾರೆ, ಪಕ್ಕದ ಪಿಜಿಯ ಫಲಕದೊಂದಿಗೆ ಹೋಲಿಸಿ ಇನ್ನೂರು ಮುನ್ನೂರು ರೂಪಾಯಿಗೆ ಚೌಕಾಸಿ ಮಾಡುತ್ತಾರೆ. ಆದರೆ ಕರಾರು ಹನ್ನೊಂದು ತಿಂಗಳದ್ದು, ಮಧ್ಯದಲ್ಲಿ ಬಿಟ್ಟರೆ ಉಳಿದ ತಿಂಗಳ ಹಣವೂ ಡಿಪಾಜಿಟ್ಟಿನಿಂದ ಹೋಗುತ್ತದೆ. ಮೊದಲ ವರ್ಷದ ಪ್ರವೇಶ ಸುತ್ತುಗಳು ಮುಗಿದು ತರಗತಿಗಳು ಆರಂಭವಾಗುವಷ್ಟರಲ್ಲಿ ಆಗಸ್ಟ್ ಅರ್ಧ ಕಳೆದಿತ್ತು. ದೀಪಾವಳಿಯ ರಜೆ, ಎರಡು ಸೆಮಿಸ್ಟರ್‌ಗಳ ನಡುವಿನ ಬಿಡುವು, ಬೇಸಿಗೆ ರಜೆ ಇವನ್ನೆಲ್ಲ ಕಳೆದರೆ ಹುಡುಗಿ ಆ ಮಂಚದ ಮೇಲೆ ಮಲಗಿದ್ದು ಒಂಬತ್ತು ತಿಂಗಳು ಮಾತ್ರ. ಹನ್ನೊಂದು ತಿಂಗಳಿಗೆ 1,07,800 ರೂಪಾಯಿ ಆಯಿತು. ಕೋಣೆಯ ಸಬ್‌ಮೀಟರ್ ಪ್ರಕಾರ ವಿದ್ಯುತ್ತಿಗೆ ನಮ್ಮ ಪಾಲು ತಿಂಗಳಿಗೆ ಸರಾಸರಿ 400ರಂತೆ 4,400 ರೂಪಾಯಿ. ಕರಾರಿನ ಖರ್ಚು ಎಂದು 1,500. ವರ್ಷದ ಕೊನೆಗೆ ಬಣ್ಣ ಹಾಗೂ ದುರಸ್ತಿಯ ಹೆಸರಿನಲ್ಲಿ ಡಿಪಾಜಿಟ್ಟಿನಿಂದ ಕಡಿದುಕೊಂಡದ್ದು 2,000. ಒಟ್ಟು 1,15,700 ರೂಪಾಯಿಯನ್ನು ಒಂಬತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 12,855 ಬೀಳುತ್ತದೆ. ಪಿಜಿ ಹುಡುಕುವವರು ಹೋಲಿಸಬೇಕಾದದ್ದು ಈ ಎರಡನೆಯ ಸಂಖ್ಯೆಯನ್ನು. ತಿಂಗಳಿಗೆ ಐದು ನೂರು ಹೆಚ್ಚು ಕೇಳಿದರೂ ಹತ್ತೇ ತಿಂಗಳ ಕರಾರು ಮಾಡಿಕೊಳ್ಳುವ, ಡಿಪಾಜಿಟ್ಟಿಗೆ ಕೈ ಹಾಕದ ಪಿಜಿಯೊಂದು ನಾಲ್ಕು ಕಟ್ಟಡಗಳಾಚೆ ಇತ್ತು; ಲೆಕ್ಕ ಹಾಕಿದರೆ ಅದು ಇದಕ್ಕಿಂತ ಅಗ್ಗ.

ದುರಸ್ತಿಯ ಆ 2,000 ರೂಪಾಯಿಯ ಬಗ್ಗೆ ನನಗೆ ಇನ್ನೂ ಅಸಮಾಧಾನವಿದೆ. ಕರಾರಿನಲ್ಲಿ ಅದನ್ನು ಬರೆದಿದ್ದಾರೆ, ಆದ್ದರಿಂದ ಮೋಸವೆನ್ನಲಾರೆ. ಆದರೆ ಗೋಡೆಗೆ ಬಣ್ಣ ಹೊಡೆದದ್ದನ್ನು ಯಾರೂ ನೋಡಿಲ್ಲ. ಒಂದು ಕೋಣೆಯಿಂದ ಆರು ಸಾವಿರ ಬಂದರೂ ಬಾಗಿಲ ಹಿಂದಿನ ಹಳೆಯ ತೇವದ ಕಲೆ ಹಾಗೆಯೇ ಇದೆ. ಎರಡನೆಯ ವರ್ಷದ ಕರಾರಿಗೆ ಮೊದಲು ಕೋಣೆಯ ಮೂಲೆಮೂಲೆಯ ಫೋಟೋ ತೆಗೆದು ಮಾಲೀಕರಿಗೆ ವಾಟ್ಸಾಪ್ ಮಾಡಿದ್ದೇವೆ.

ಬಾಡಿಗೆ ಎಷ್ಟು ಎಂಬುದರಷ್ಟೇ ಯಾವಾಗ ಎಂಬುದೂ ನಮ್ಮ ಕಡೆಯ ಮನೆಗಳಿಗೆ ಮುಖ್ಯ. ಕಾಲೇಜಿನ ಶುಲ್ಕ, ಪಿಜಿಯ ಡಿಪಾಜಿಟ್ಟು, ಮುಂಗಡ ಬಾಡಿಗೆ, ಪುಸ್ತಕ, ಲ್ಯಾಪ್‌ಟಾಪು ಎಲ್ಲವೂ ಜುಲೈ, ಆಗಸ್ಟಿನಲ್ಲಿ ಒಟ್ಟಿಗೇ ಮೇಲೆ ಬೀಳುತ್ತವೆ. ಕಬ್ಬು ಬೆಳೆಯುವ ಮನೆಯಲ್ಲಿ ಕೈ ಖಾಲಿಯಾಗಿರುವುದೂ ಅದೇ ಕಾಲಕ್ಕೆ. ನುರಿಸುವ ಹಂಗಾಮು ದೀಪಾವಳಿಯ ಆಸುಪಾಸಿನಲ್ಲಿ ಶುರುವಾಗುತ್ತದೆ. ಕಬ್ಬು ಕಳಿಸಿದ 14 ದಿನಗಳೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳಿದರೂ, ಬಿಲ್ಲು ಕಂತುಕಂತಾಗಿ ಬಂದು ಮುಗಿಯುವಾಗ ಎಷ್ಟು ತಿಂಗಳಾಗಿರುತ್ತದೆ ಎಂಬುದನ್ನು ಅಥಣಿ, ರಾಯಬಾಗ, ಜಮಖಂಡಿಯವರಿಗೆ ನಾನು ಹೇಳಬೇಕಿಲ್ಲ. ಆರಂಭದಲ್ಲಿ ಆರು ತಿಂಗಳ ಬಾಡಿಗೆ ಮುಂಗಡ ಕೇಳಿದ ಮಾಲೀಕರು, ನಾನು ಈ ಸ್ಥಿತಿಯನ್ನು ವಿವರಿಸಿದ ಮೇಲೆ ಮೂರು ತಿಂಗಳದ್ದನ್ನು ಮೊದಲು ಪಡೆದು ಉಳಿದದ್ದನ್ನು ಡಿಸೆಂಬರ್ ಮತ್ತು ಮಾರ್ಚಿನಲ್ಲಿ ಪಡೆಯಲು ಒಪ್ಪಿದರು. ಕೊಲ್ಹಾಪುರ, ಸಾಂಗಲಿ ಕಡೆಯ ಹುಡುಗಿಯರೂ ಅಲ್ಲಿರುವುದರಿಂದ ಕಬ್ಬಿನ ಬಿಲ್ಲಿನ ಕಥೆ ಅವರಿಗೆ ಹೊಸದಾಗಿರಲಿಲ್ಲ. ದರದಲ್ಲಿ ಒಂದು ರೂಪಾಯಿ ಬಿಡದವರು ಕಂತಿನಲ್ಲಿ ಸಡಿಲ ಬಿಡುತ್ತಾರೆ. ಮಾತಾಡುವವರು ಅಲ್ಲಿಂದಲೇ ಶುರು ಮಾಡುವುದು ಲೇಸು.

ಈ ಪಿಜಿಯನ್ನು ನಾನು ಪಕ್ಕದವುಗಳಿಗಿಂತ ಮೇಲೆ ಇಡುವುದು ಅದರ ರಸೀದಿಗಳ ಕಾರಣಕ್ಕೆ. ಕಾಲೇಜಿನ ಶುಲ್ಕ ಎರಡು ಲಕ್ಷದ ಆಸುಪಾಸಿಗೆ ಏರಿರುವಾಗ ಶಿಕ್ಷಣ ಸಾಲವಿಲ್ಲದೆ ಮಧ್ಯಮ ಹಿಡುವಳಿಯ ರೈತನಿಗೆ ನಾಲ್ಕು ವರ್ಷ ದಾಟುವುದು ಕಷ್ಟ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಸಾಲ ಯೋಜನೆಯಲ್ಲಿ ಕಾಲೇಜಿನ ಶುಲ್ಕ ಮತ್ತು ಅದರ ವಸತಿಗೃಹದ ಖರ್ಚಷ್ಟೇ ಅಲ್ಲದೆ, ವಿದ್ಯಾರ್ಥಿ ಹೊರಗೆ ಉಳಿದುಕೊಂಡರೆ ತಗಲುವ ಸಮಂಜಸವಾದ ಊಟ, ವಸತಿ ವೆಚ್ಚಕ್ಕೂ ಅವಕಾಶವಿದೆ. ಆದರೆ ಬ್ಯಾಂಕಿನ ಮೇಜಿನ ಮೇಲೆ ಕಾಗದ ಇಡಬೇಕು. ನಾವು ನೋಡಿದ ಕೆಲವು ಪಿಜಿಗಳು ನಗದನ್ನೇ ಕೇಳಿದವು, ರಸೀದಿಯ ಮಾತೆತ್ತಿದರೆ ಡೈರಿಯಲ್ಲಿ ಬರೆದುಕೊಂಡಿದ್ದೇವೆ ಎಂದವು. ಇಲ್ಲಿ ಮಾತ್ರ ಪ್ರತಿ ಕಂತಿಗೂ ಬ್ಯಾಂಕ್ ಖಾತೆಗೇ ಹಣ, ಮುದ್ರಿತ ರಸೀದಿ, ಸಹಿ ಮಾಡಿದ ಕರಾರಿನ ಪ್ರತಿ. ಭಾವ ಅವನ್ನು ಊರಿನ ಶಾಖೆಗೆ ಕೊಟ್ಟ ಮೇಲೆ ಬಾಡಿಗೆಯ ಒಂದು ಭಾಗವೂ ಸಾಲದಲ್ಲಿ ಸೇರಿತು. ಐದು ನೂರು ಅಗ್ಗವಾದ ರಸೀದಿಯಿಲ್ಲದ ಕೋಣೆ ಹಿಡಿದಿದ್ದರೆ ಅಷ್ಟೂ ಹಣವನ್ನು ಊರಿನಲ್ಲಿ ಕೈಬಡ್ಡಿಗೆ ತರಬೇಕಾಗುತ್ತಿತ್ತು.

ದರಪಟ್ಟಿಯ ಕೆಳಗೆ ತೆರಿಗೆ ಪ್ರತ್ಯೇಕ ಎಂಬ ಸಾಲೊಂದು ಇತ್ತು. 2024ರ ಜೂನ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿಯ 53ನೆಯ ಸಭೆ, ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿವರೆಗಿನ ವಸತಿ ಬಾಡಿಗೆಗೆ, ಕನಿಷ್ಠ 90 ದಿನ ಸತತವಾಗಿ ಉಳಿದುಕೊಳ್ಳುವುದಾದರೆ, ವಿನಾಯಿತಿ ಶಿಫಾರಸು ಮಾಡಿತ್ತು. ಆ ವರ್ಷದ ಜುಲೈ 15ರಿಂದ ಅದು ಜಾರಿಯಲ್ಲಿದೆ. ಅದನ್ನು ತೋರಿಸಿದಾಗ ಅದು ಹಳೆಯ ಪಟ್ಟಿಯೆಂದು ಮಾಲೀಕರು ಆ ಸಾಲನ್ನು ಹೊಡೆದುಹಾಕಿದರು. ಕೇಳದವರ ಪಟ್ಟಿಯಲ್ಲಿ ಅದು ಉಳಿದಿದೆಯೋ ಏನೋ.

ಎರಡನೆಯ ವರ್ಷಕ್ಕೆ ಫಲಕದ ದರ 10,700 ಆಯಿತು. ಏಕೆಂದು ಕೇಳಿದಾಗ ಸಿಲಿಂಡರು, ಎಣ್ಣೆ, ಕೆಲಸದವರ ಪಗಾರ ಎಂದು ಪಟ್ಟಿ ಓದಿದ ಮಾಲೀಕರು ಕೊನೆಗೆ ಹೇಳಿದ ಮಾತು ಹೆಚ್ಚು ಪ್ರಾಮಾಣಿಕವಾಗಿತ್ತು: ಕಾಲೇಜಿನವರು ಏರಿಸಿದಾಗ ಸುಮ್ಮನೆ ಕಟ್ಟುತ್ತೀರಿ, ನಾವು ಏರಿಸಿದಾಗ ಮಾತ್ರ ಕಾರಣ ಕೇಳುತ್ತೀರಿ. ಅವರ ಮಾತಿನಲ್ಲಿ ಅರ್ಧ ಹುರುಳಿದೆ. ಕಾಲೇಜಿನ ಶುಲ್ಕಕ್ಕೆ ಒಬ್ಬ ಯಜಮಾನನಾದರೂ ಇದ್ದಾನೆ. ಮಹಾರಾಷ್ಟ್ರದ ಖಾಸಗಿ ವೃತ್ತಿಪರ ಕಾಲೇಜುಗಳ ಶುಲ್ಕವನ್ನು 2015ರ ಕಾಯ್ದೆಯಡಿ ರಚನೆಯಾದ ಶುಲ್ಕ ನಿಯಂತ್ರಣ ಪ್ರಾಧಿಕಾರ ಕಾಲೇಜಿನ ಲೆಕ್ಕಪತ್ರ ನೋಡಿ ನಿಗದಿಪಡಿಸುತ್ತದೆ. ಏರಿಕೆ ಎಷ್ಟೇ ಕಹಿಯಾದರೂ ಅದರ ಹಿಂದೆ ಒಂದು ಆದೇಶವಿರುತ್ತದೆ. ಪಿಜಿಯ ದರಕ್ಕೆ ಅಂಥ ಯಾವ ಕಟ್ಟೂ ಇಲ್ಲ. ಶುಲ್ಕ ಏರಿದ ಸುದ್ದಿ ಓಣಿಗೆ ತಲುಪಿದರೆ ಸಾಕು, ಫಲಕಕ್ಕೆ ಹೊಸ ಬಣ್ಣ ಬೀಳುತ್ತದೆ. ಕೋಣೆಯ ಗೋಡೆಗೆ ಬೀಳದಿದ್ದರೂ.

ಒಂದೇ ಕೋಣೆಯಲ್ಲಿ ಈ ಏರಿಕೆ ಹೇಗೆ ಬೇರೆಬೇರೆಯಾಗಿ ತಟ್ಟುತ್ತದೆ ಎಂಬುದನ್ನೂ ಹೇಳಬೇಕು. ನಮ್ಮ ಹುಡುಗಿಯ ಜೊತೆಗಾತಿಯರಲ್ಲಿ ಒಬ್ಬಳು ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನವಳು. ಮನೆಯಲ್ಲಿ ಕನ್ನಡ, ಶಾಲೆ ಮರಾಠಿ. ಎಂಟು ಲಕ್ಷದೊಳಗಿನ ವಾರ್ಷಿಕ ಆದಾಯದ, ಹಿಂದುಳಿದ ಹಾಗೂ ಆರ್ಥಿಕವಾಗಿ ದುರ್ಬಲ ವರ್ಗಗಳ ಹೆಣ್ಣುಮಕ್ಕಳಿಗೆ ವೃತ್ತಿಪರ ಕೋರ್ಸುಗಳ ಶುಲ್ಕವನ್ನು ಪೂರ್ತಿ ಭರಿಸುವುದಾಗಿ ಮಹಾರಾಷ್ಟ್ರ ಸರ್ಕಾರ 2024ರ ಜುಲೈನಲ್ಲಿ ಆದೇಶ ಹೊರಡಿಸಿದ್ದರಿಂದ ಆಕೆಗೆ ಕಾಲೇಜಿನ ಶುಲ್ಕ ಮಾಫಿಯಾಗಿದೆ. ಅವಳ ಮನೆಯವರಿಗೆ ಮಗಳ ಓದಿನ ಅತಿ ದೊಡ್ಡ ಖರ್ಚೆಂದರೆ ಈ ಮಂಚದ ಬಾಡಿಗೆಯೇ. ಜತ್ತದಿಂದ ಅಥಣಿ ಬಹಳ ದೂರವೇನಿಲ್ಲ. ಆದರೆ ಗಡಿಯ ಈಚೆಗಿರುವ ನಮ್ಮ ಹುಡುಗಿ ಅಖಿಲ ಭಾರತ ಕೋಟಾದಲ್ಲಿ ಬಂದವಳು, ಅವಳಿಗೆ ಈ ಸೌಲಭ್ಯವಿಲ್ಲ. ಶುಲ್ಕದ ಮೇಲೆ ಬಾಡಿಗೆ, ಬಾಡಿಗೆಯ ಮೇಲೆ ಸಾಲದ ಬಡ್ಡಿ. ಇಲ್ಲಿಗೆ ಕಳಿಸುವ ಕರ್ನಾಟಕದ ಪಾಲಕರು ಮಹಾರಾಷ್ಟ್ರದ ನೆರವಿನ ಯೋಜನೆಗಳ ಸುದ್ದಿ ಕೇಳಿ ಬಜೆಟ್ ಹಾಕಿಕೊಳ್ಳಬಾರದು. ಗಡಿನಾಡ ಕನ್ನಡಿಗರು, ಅಂದರೆ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದವರು, ನಿವಾಸಿ ಪ್ರಮಾಣಪತ್ರವನ್ನು ಪ್ರವೇಶಕ್ಕೆ ಮೊದಲೇ ಸಿದ್ಧವಿಟ್ಟುಕೊಳ್ಳಬೇಕು.

ಪರ್ಯಾಯಗಳನ್ನು ನೋಡದೆ ಈ ಪಿಜಿಯಲ್ಲಿ ಉಳಿದಿಲ್ಲ. ನಾಲ್ವರು ಹುಡುಗಿಯರು ಸೇರಿ ವಾರಜೆಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ಹಿಡಿಯುವ ಯೋಚನೆ ಎರಡನೆಯ ವರ್ಷಕ್ಕೆ ಮುಂಚೆ ಬಲವಾಗಿತ್ತು. ಬಾಡಿಗೆ 28,000, ಡಿಪಾಜಿಟ್ಟು 80,000, ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 1999ರ 55ನೆಯ ಕಲಮಿನಂತೆ ಬಾಡಿಗೆಯ ಅಥವಾ ಲೀವ್ ಅಂಡ್ ಲೈಸೆನ್ಸ್ (ಗೊತ್ತಾದ ಅವಧಿಗೆ ಇರಲು ಅನುಮತಿ ಕೊಡುವ) ಕರಾರು ಬರವಣಿಗೆಯಲ್ಲಿರಬೇಕು, ನೋಂದಣಿಯಾಗಬೇಕು, ನೋಂದಣಿಯ ಹೊಣೆ ಮಾಲೀಕನದು. ಮುದ್ರಾಂಕ ಶುಲ್ಕ ಒಟ್ಟು ಬಾಡಿಗೆ ಮತ್ತು ಡಿಪಾಜಿಟ್ಟಿನ ಮೇಲಿನ ಶೇಕಡಾ 10ರ ಲೆಕ್ಕದ ಬಡ್ಡಿ ಸೇರಿದ ಮೊತ್ತದ ಮೇಲೆ ಶೇಕಡಾ 0.25 ಮಾತ್ರ, ಈ ಫ್ಲ್ಯಾಟಿಗೆ ಅದು ಸುಮಾರು 800 ರೂಪಾಯಿ, ನಗರದಲ್ಲಿ ನೋಂದಣಿ ಶುಲ್ಕ 1,000. ಅದರ ಮೇಲೆ ಏಜೆಂಟನ ಕೂಲಿ. ಈ ಅಂಕಿ ಗೊತ್ತಿಲ್ಲದ ಮಕ್ಕಳಿಂದ ಕರಾರಿನ ಖರ್ಚೆಂದು ಐದಾರು ಸಾವಿರ ಕೇಳುವವರೂ ಇದ್ದಾರೆ.

ತಲಾ ಲೆಕ್ಕ ಹಾಕಿದೆವು: ಹನ್ನೊಂದು ತಿಂಗಳ ಬಾಡಿಗೆ 77,000, ಎರಡು ಹೊತ್ತಿನ ಡಬ್ಬಿಗೆ ತಿಂಗಳಿಗೆ 3,200ರಂತೆ ಒಂಬತ್ತು ತಿಂಗಳಿಗೆ 28,800, ವಿದ್ಯುತ್ತು, ಗ್ಯಾಸು, ಇಂಟರ್‌ನೆಟ್ಟಿಗೆ 9,900, ದಲ್ಲಾಳಿಯ ಪಾಲು 7,000, ನೋಂದಣಿಯ ಪಾಲು 700. ಒಟ್ಟು 1,23,400. ಎರಡನೆಯ ವರ್ಷದ ಹೊಸ ದರದಲ್ಲಿ ಪಿಜಿಗೂ ಹೆಚ್ಚುಕಡಿಮೆ ಇಷ್ಟೇ ಆಗುತ್ತದೆ. ಸ್ವತಂತ್ರವಾಗಿ ಮನೆ ಮಾಡಿದರೆ ಬಹಳ ಉಳಿಯುತ್ತದೆ ಎಂಬ ನಂಬಿಕೆ ಫ್ಲ್ಯಾಟಿನ ಮೊದಲ ವರ್ಷಕ್ಕಂತೂ ನಿಲ್ಲುವುದಿಲ್ಲ. ಅದರ ಎರಡನೆಯ ವರ್ಷದಿಂದ ದಲ್ಲಾಳಿಯ ಹಣ ಉಳಿದರೂ, ನಾಲ್ವರಲ್ಲಿ ಒಬ್ಬಳು ಇಂಟರ್ನ್‌ಶಿಪ್ಪಿಗೆಂದು ಬೇರೆ ಊರಿಗೆ ಹೋದರೆ ಅವಳ ಏಳು ಸಾವಿರ ಉಳಿದ ಮೂವರ ತಲೆಗೆ ಬರುತ್ತದೆ. ಮಂಚ, ಗಾದಿ, ಫ್ರಿಜ್ಜು ಬೇರೆ. ಓದಿನ ಮೂರನೆಯ ವರ್ಷಕ್ಕೆ, ಪರಸ್ಪರ ಚೆನ್ನಾಗಿ ಬಲ್ಲವರು ಎರಡು ವರ್ಷ ಜೊತೆಗಿರುವುದು ಖಚಿತವಿದ್ದರೆ, ಫ್ಲ್ಯಾಟು ಲಾಭಕರವಾದೀತು.

ಪುಣೆಯಲ್ಲೇ ಇರುವ ಮಾಮಾನ ಮನೆಯಲ್ಲಿ ಏಕೆ ಇಟ್ಟುಕೊಳ್ಳಲಿಲ್ಲ ಎಂದು ಊರಿನಲ್ಲಿ ಕೇಳಿದವರಿದ್ದಾರೆ. ನಮ್ಮದು ಚಿಂಚವಡದ ಸಣ್ಣ ಮನೆ. ಪಿಂಪ್ರಿಯಿಂದ ಮೆಟ್ರೋ ಹತ್ತಿ, ಸಿವಿಲ್ ಕೋರ್ಟಿನಲ್ಲಿ ಬದಲಿಸಿ, ನಳ್ ಸ್ಟಾಪಿನಲ್ಲಿ ಇಳಿದು ಮತ್ತೆ ಬಸ್ಸು ಹಿಡಿಯಬೇಕು. ವಿದ್ಯಾರ್ಥಿಗಳಿಗೆ ಮೆಟ್ರೋ ದರದಲ್ಲಿ ಶೇಕಡಾ 30 ರಿಯಾಯಿತಿ ಇದೆ, ಹಣದ ದೃಷ್ಟಿಯಿಂದ ಅಗ್ಗವೇ. ಆದರೆ ಹೋಗಿಬರಲು ದಿನಕ್ಕೆ ಮೂರು ಗಂಟೆಯ ಮೇಲೆ ಬೇಕು. ಪ್ರಯೋಗಾಲಯ ಸಂಜೆ ಐದೂವರೆಗೆ ಮುಗಿಯುವ ದಿನಗಳಲ್ಲಿ ಅದು ನಡೆಯುವ ಮಾತಲ್ಲ.

ನಿಜಕ್ಕೂ ಕೈಯಲ್ಲಿ ಹಣವಿಲ್ಲದ, ಹಳ್ಳಿಯಿಂದ ಬಂದ ಮಕ್ಕಳಿಗೆ 1955ರಿಂದ ನಡೆಯುತ್ತಿರುವ ವಿದ್ಯಾರ್ಥಿ ಸಹಾಯಕ ಸಮಿತಿಯ ವಸತಿಗೃಹಗಳಿವೆ. ಕಡಿಮೆ ಖರ್ಚಿನಲ್ಲಿ ಇರಿಸಿಕೊಂಡು, ಮಕ್ಕಳು ದುಡಿದು ಕಲಿಯುವುದಕ್ಕೆ ಒತ್ತು ಕೊಡುವ ಸಂಸ್ಥೆ ಅದು. ಅಲ್ಲಿ ಪ್ರವೇಶ ಆಯ್ಕೆಯ ಮೂಲಕ. ಅರ್ಹತೆ ಇರುವವರು ಪಿಜಿಯ ಡಿಪಾಜಿಟ್ಟು ಕಟ್ಟುವ ಮೊದಲು ಅಲ್ಲಿ ಅರ್ಜಿ ಹಾಕಲಿ.

ನಮ್ಮ ಪಿಜಿಗೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಅರ್ಧ ಅಂಕ ಮಾವಶಿಗೆ, ಅರ್ಧ ಅಂಕ ರಸೀದಿ ಪುಸ್ತಕಕ್ಕೆ ಎಂದು ಬೇರೆಯಾಗಿ ನೋಡಿದರೂ ನಡೆದೀತು. ಕಳೆದದ್ದು ರಜೆಯ ತಿಂಗಳುಗಳ ಬಾಡಿಗೆಗೆ ಮತ್ತು ಆ ಬಣ್ಣದ ಹಣಕ್ಕೆ. ಇದೇ ಓಣಿಯಲ್ಲಿ ಹುಡುಕುವವರು ಪ್ರವೇಶದ ಸುತ್ತುಗಳು ಮುಗಿಯುವವರೆಗೆ ಕಾಯದೆ, ಕೊನೆಯ ವರ್ಷದವರು ಖಾಲಿ ಮಾಡುವ ಮೇ ಕೊನೆ, ಜೂನ್ ಮೊದಲ ವಾರದಲ್ಲಿ ಬಂದು ನೋಡಲಿ. ಆಗ ಮಾಲೀಕರ ಬಳಿ ಖಾಲಿ ಮಂಚಗಳಿರುತ್ತವೆ, ಕಂತಿನ ಮಾತಿಗೆ ಕಿವಿಯೂ ಇರುತ್ತದೆ. ಹುಬ್ಬಳ್ಳಿಯಿಂದ ಬೆಳಗಾವಿಯ ಮೇಲೆ ಬರುವ ವಂದೇ ಭಾರತ್ ಇರುವ ದಿನ ಬೆಳಗ್ಗೆ ಹೊರಟರೆ ಮಧ್ಯಾಹ್ನವೇ ಪುಣೆ ಮುಟ್ಟಬಹುದು. ಸಂಜೆಯೊಳಗೆ ನಾಲ್ಕೈದು ಕಡೆ ನೋಡಲು ಸಮಯ ಸಿಗುತ್ತದೆ. ಇದೇ ಕಟ್ಟಡಕ್ಕೆ ಬರುವವರು ಎರಡನೆಯ ಅಂತಸ್ತಿನ ಹಿಂಬದಿಯ ಕೋಣೆ ಕೇಳಲಿ. ಮುಂಬದಿಯವಕ್ಕೆ ರಸ್ತೆಯ ಗದ್ದಲವಿದೆ, ನಾಲ್ಕನೆಯ ಅಂತಸ್ತಿನವು ಏಪ್ರಿಲ್ ತಿಂಗಳಲ್ಲಿ ಬಹಳ ಕಾಯುತ್ತವೆ.